ಮೇ ತಿಂಗಳಲ್ಲಿ ಅವು ಎಲ್ಲಿರುತ್ತವೆ?

ಹಿಮಾಲಯಕ್ಕೆ ಹಕ್ಕಿ ನೋಡಲು ಹೋಗುವ ನಮ್ಮ ಕಡೆಯವರ ಬಾಯಲ್ಲಿ ಮೊದಲು ಬರುವ ಹೆಸರು ಮೊನಾಲ್. ಅದಾದ ಮೇಲೆ ಟ್ರ್ಯಾಗೋಪಾನ್. ಎರಡೂ ಬಣ್ಣ ಬಣ್ಣದ, ಕೋಳಿ ಜಾತಿಯ ಹಕ್ಕಿಗಳು. ಕ್ಯಾಮೆರಾ ಲೆನ್ಸ್ ಉದ್ದವಿದ್ದಷ್ಟೂ ಈ ಹೆಸರುಗಳು ಬೇಗ ಬರುತ್ತವೆ. ತಪ್ಪೇನಿಲ್ಲ ಬಿಡಿ, ನಾನೂ ಅದೇ ಆಸೆ ಇಟ್ಟುಕೊಂಡು ಹೊರಟವನೇ. ಆದರೆ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕಿನಲ್ಲಿ ಟೆಂಟ್ ಹಾಕಿಕೊಂಡು ಓಡಾಡಿ ಬಂದ ಮೇಲೆ, "ಏನೇನು ಸಿಕ್ತು?" ಅಂತ ಯಾರಾದರೂ ಕೇಳಿದರೆ ನಾನು ಶುರು ಮಾಡುವುದು ಬೂದು ಸಿಪಿಲೆ ಅನ್ನುವ ಪುಟ್ಟ ಹಕ್ಕಿಯಿಂದ. ಕೇಳಿದವರ ಮುಖ ಸಪ್ಪಗಾಗುತ್ತದೆ. "ಅದು ನಮ್ಮ ತೋಟದ ಹಳ್ಳದಲ್ಲೇ ಇರುತ್ತಲ್ಲ ಮಾರಾಯ, ಅದನ್ನ ನೋಡೋಕೆ ಅಷ್ಟು ದೂರ ಹೋದ್ಯಾ?" ಅನ್ನುತ್ತಾರೆ.

ಇರುತ್ತದೆ ನಿಜ. ಸೆಪ್ಟೆಂಬರ್ ಹೊತ್ತಿಗೆ ಮಲೆನಾಡಿನ ಹಳ್ಳಗಳಿಗೆ ಬರುತ್ತದೆ, ಕಲ್ಲಿಂದ ಕಲ್ಲಿಗೆ ಹಾರುತ್ತಾ ಬಾಲ ಕುಣಿಸುತ್ತಾ ಬೇಸಿಗೆ ಹತ್ತಿರವಾಗುವ ತನಕ ಇದ್ದು, ಒಂದು ದಿನ ನೋಡಿದರೆ ಇಲ್ಲ. ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಬಂದಾಗ ಬರೆದಿಟ್ಟುಕೊಳ್ಳುವ ನಾವು ಹೋದ ದಿನ ಬರೆದಿಟ್ಟುಕೊಳ್ಳುವುದು ಕಡಿಮೆ, ಅಲ್ವಾ? ಎಷ್ಟೋ ಚಳಿಗಾಲ ಹೀಗೆ ನೋಡಿದ ಮೇಲೂ, ಉಳಿದ ಅರ್ಧ ವರ್ಷ ಅದು ಏನು ಮಾಡುತ್ತಿರುತ್ತದೆ ಅಂತ ನನಗೆ ಕಣ್ಣಾರೆ ಗೊತ್ತಿರಲಿಲ್ಲ. ಪುಸ್ತಕದ ನಕ್ಷೆಯಲ್ಲಿ ಹಿಮಾಲಯದ ಉದ್ದಕ್ಕೂ ಬಳಿದ ಬಣ್ಣದ ಪಟ್ಟಿ ನೋಡಿದ್ದೆ, ಅಷ್ಟೇ.

ಈ ಪಾರ್ಕ್ ಇರುವುದು ಹಿಮಾಚಲದ ಕುಲ್ಲು ಜಿಲ್ಲೆಯಲ್ಲಿ. 1984ರಲ್ಲಿ ಮಾಡುತ್ತೇವೆ ಅಂತ ಹೇಳಿದ್ದು, ಅಂತಿಮ ಅಧಿಸೂಚನೆ ಬಂದದ್ದು 1999ರಲ್ಲಿ. 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 754 ಚದರ ಕಿಲೋಮೀಟರ್ ಜಾಗ, ಓಕ್ ಕಾಡಿನ ಕಣಿವೆಯಿಂದ ಹಿಡಿದು 6000 ಮೀಟರ್ ಎತ್ತರದ ಹಿಮಶಿಖರದವರೆಗೆ. ಒಳಗೆ ರಸ್ತೆ ಇಲ್ಲ. ನಾಗರಹೊಳೆ, ಬಂಡೀಪುರದ ಹಾಗೆ ಜೀಪಿನಲ್ಲಿ ಕೂತು ಸುತ್ತಿ ಬರುವ ಮಾತೇ ಇಲ್ಲ. ಪರ್ಮಿಟ್ ಮಾಡಿಸಿಕೊಂಡು, ಊರಿನ ಗೈಡ್ ಜೊತೆ, ಕಾಲ್ನಡಿಗೆಯಲ್ಲೇ ಹೋಗಬೇಕು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ನಿಯಮ ಇನ್ನೊಂದಿಲ್ಲ.

ನಾವು ಹೋದದ್ದು ತೀರ್ಥನ್ ಕಣಿವೆಯ ಕಡೆಯಿಂದ. ಮಂಡಿಯಿಂದ ಕುಲ್ಲುವಿಗೆ ಹೋಗುವ ಹೆದ್ದಾರಿಯಲ್ಲಿ ಔಟ್ ಅನ್ನುವಲ್ಲಿ ತಿರುಗಿ, ಬಂಜಾರ್ ದಾಟಿದರೆ ಗುಶೈನಿ. ಅಲ್ಲಿಂದ ಹೊಳೆಯ ಪಕ್ಕದ ಕಾಲುದಾರಿ. ಪಾರ್ಕಿನ ಗೇಟ್ ಬರಲು ಎಂಟು ಕಿಲೋಮೀಟರಿನಷ್ಟು ನಡೆಯಬೇಕು, ಗೇಟಿನಿಂದ ಸ್ವಲ್ಪ ಮುಂದೆ ರೋಲಾ ಅನ್ನುವ ಕ್ಯಾಂಪಿನ ಜಾಗ.

ನಮ್ಮ ಗುಂಪಿನಲ್ಲಿ ಎರಡು ಪಕ್ಷ. ಒಂದು ಟ್ರೆಕ್ಕಿಂಗಿನವರದ್ದು. ಅವರಿಗೆ ಮಧ್ಯಾಹ್ನದ ಊಟಕ್ಕೆ ಮೊದಲು ಕ್ಯಾಂಪ್ ಸೇರಬೇಕು, ಸಂಜೆ ವಾಚ್ ನೋಡಿ ಎಷ್ಟು ಮೀಟರ್ ಹತ್ತಿದೆವು ಅಂತ ಹೇಳಬೇಕು. ಇನ್ನೊಂದು ಹಕ್ಕಿಯವರದ್ದು. ನಾವು ಒಂದೇ ಮರದ ಕೆಳಗೆ ಮುಕ್ಕಾಲು ಗಂಟೆ ಕತ್ತೆತ್ತಿ ನಿಲ್ಲುವ ಜನ. ಈ ಎರಡು ಪಕ್ಷ ಒಂದೇ ಗೈಡ್ ಇಟ್ಟುಕೊಂಡು ಹೋದರೆ ಜಗಳ ಖಾತ್ರಿ. ನಮ್ಮ ಗೈಡ್ ಭಾಯಿ ಜಾಣ, ಮೊದಲ ತಿರುವಿನಲ್ಲೇ ನಮ್ಮನ್ನು ಅಳೆದುಬಿಟ್ಟ. ಪೋರ್ಟರ್‌ಗಳ ಜೊತೆ ಅವರನ್ನು ಮುಂದೆ ಕಳಿಸಿ, "ಆಪ್ ಲೋಗ್ ಆರಾಮ್ ಸೇ" ಅಂತ ನಮ್ಮ ಜೊತೆ ಉಳಿದ.

ಗುಶೈನಿ ದಾಟಿದ ಕೂಡಲೇ ಸಿಕ್ಕಿದ್ದೇ ಆ ಸಿಪಿಲೆ. ಹೊಳೆ ನಡುವಿನ ಬಂಡೆಯ ಮೇಲೆ ಕೂತಿತ್ತು. ಬೈನಾಕ್ಯುಲರ್ ಎತ್ತಿದವನು ಒಂದು ಕ್ಷಣ ಬೇರೆ ಯಾವುದೋ ಹಕ್ಕಿ ಅಂದುಕೊಂಡೆ. ಕತ್ತು ಕಪ್ಪಗಿತ್ತು! ನಮ್ಮ ಹಳ್ಳಕ್ಕೆ ಬರುವಾಗ ಅದರ ಗಂಟಲು ಬೆಳ್ಳಗೆ, ಹೊಟ್ಟೆಯ ಹಳದಿಯೂ ತೆಳು. ಇಲ್ಲಿ ಗಂಡಿನ ಗಂಟಲು ಮಸಿ ಬಳಿದಷ್ಟು ಕಪ್ಪು, ಅದರ ಅಂಚಿಗೆ ಬಿಳಿ ಗೆರೆ, ಕೆಳಗೆ ಎದ್ದು ಕಾಣುವ ಹಳದಿ. ಮರಿ ಮಾಡುವ ಕಾಲದ ಉಡುಪು. ಇಷ್ಟು ವರ್ಷ ಈ ಹಕ್ಕಿ ನಮ್ಮ ಮನೆಗೆ ಬರುವಾಗ ಮಾಸಲು ಅಂಗಿ ಹಾಕಿಕೊಂಡೇ ಬರುತ್ತಿತ್ತು ಅನ್ನಿಸಿ ನಗು ಬಂತು. ಪಕ್ಕದಲ್ಲಿದ್ದ ಗೆಳೆಯನಿಗೆ ತೋರಿಸಿದೆ. ಅವನೂ ಮಲೆನಾಡಿನವನೇ, ಸುಮ್ನೆ ನೋಡುತ್ತಾ ನಿಂತ. ಆಮೇಲೆ, "ಇದಕ್ಕೆ ಹಾಡೋಕೂ ಬರುತ್ತಾ?" ಅಂದ.

ಆ ಪ್ರಶ್ನೆ ಆಮೇಲೆ ಇಡೀ ದಾರಿ ನಮ್ಮ ಜೊತೆ ಬಂತು ಅನ್ನಬೇಕು. ಯಾಕಂದರೆ ಚಳಿಗಾಲದಲ್ಲಿ ಪಶ್ಚಿಮ ಘಟ್ಟಕ್ಕೆ ಬರುವ ಇಂಥ ವಲಸೆ ಹಕ್ಕಿಗಳಲ್ಲಿ ಜಾಸ್ತಿ ಪಾಲು ಅಲ್ಲಿ ಹಾಡುವುದೇ ಇಲ್ಲ. ಚಿಕ್, ಚಿಟ್ ಅಂತ ಒಂದೆರಡು ಸ್ವರ, ಅಷ್ಟಕ್ಕೇ ಮುಗಿಯಿತು. ಹಾಡು ಬೇಕಾಗುವುದು ಜೋಡಿ ಹುಡುಕಲು, ಗೂಡಿನ ಸುತ್ತ ಗಡಿ ಕಾಯಲು. ಆ ಕೆಲಸವೆಲ್ಲ ಇಲ್ಲಿ.

ಬ್ಲೂ ಕ್ಯಾಪ್ಡ್ ರಾಕ್ ಥ್ರಷ್ ಅಂತ ಒಂದಿದೆ. ಕಾಫಿ ತೋಟದ ನೆರಳಿನಲ್ಲಿ, ಬಿದಿರು ಮೆಳೆಯ ಪಕ್ಕ ಕೂತಲ್ಲೇ ಕೂತಿರುತ್ತದೆ, ಹುಳ ಕಂಡರೆ ನೆಲಕ್ಕಿಳಿದು ಮತ್ತೆ ಕೊಂಬೆಗೆ. ಎಷ್ಟು ಮೌನಿ ಅಂದರೆ, ಎಲೆ ಅಲ್ಲಾಡದಿದ್ದರೆ ಪಕ್ಕದಲ್ಲೇ ನಡೆದು ಹೋಗಬಹುದು. ಗೇಟಿಗೆ ಮೊದಲು ಪೈನ್ ಮರಗಳಿರುವ ಒಂದು ಇಳಿಜಾರಿನಲ್ಲಿ ಅದೇ ಹಕ್ಕಿ ಮರದ ತುತ್ತತುದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತು ಬಾಯಿ ತೆರೆದು ಹಾಡುತ್ತಿತ್ತು. ನೀಲಿ ನೆತ್ತಿ, ಕಿತ್ತಳೆ ಹೊಟ್ಟೆ, ರೆಕ್ಕೆಯಲ್ಲಿ ಬಿಳಿ ಮಚ್ಚೆ. ಅಡಗಿಕೊಳ್ಳುವ ಯೋಚನೆಯೇ ಇಲ್ಲ. ಅದರಾಚೆ ವಿದ್ಯುತ್ ತಂತಿಯ ಮೇಲೆ ವರ್ಡಿಟರ್ ಫ್ಲೈಕ್ಯಾಚರ್ ಜೋಡಿ, ಆ ಮೈಲುತುತ್ತದ ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಅದೂ ನಮ್ಮಲ್ಲಿಗೆ ಚಳಿಗಾಲದಲ್ಲಿ ಬರುವುದೇ. ಕುಲ್ಲುವಿನಿಂದ ಮಲೆನಾಡಿಗೆ ನೇರ ಗೆರೆ ಎಳೆದರೆ 2000 ಕಿಲೋಮೀಟರ್ ಆಗುತ್ತದೆ. ನಾವು ವಿಮಾನ, ಬಸ್ಸು, ಟ್ಯಾಕ್ಸಿ ಅಂತ ಬದಲಿಸಿ ಬದಲಿಸಿ ಸುಸ್ತಾಗಿ ಬಂದಿದ್ದೆವು.

ರೋಲಾದಲ್ಲಿ ಟೆಂಟ್ ಹಾಕಿದ್ದು ಹೊಳೆಯ ಪಕ್ಕ. ಸುಮಾರು 2100 ಮೀಟರ್ ಎತ್ತರ. ತೀರ್ಥನ್ ಅಲ್ಲಿ ಬಂಡೆಗಳ ಮೇಲೆ ಬಿದ್ದೆದ್ದು ಹೋಗುವ ಸದ್ದಿಗೆ ಪಕ್ಕದವರ ಮಾತೂ ಕೇಳುವುದಿಲ್ಲ, ಊಟಕ್ಕೆ ಕರೆಯಲು ತಟ್ಟೆ ಬಡಿಯಬೇಕಾಯಿತು. ಅಂಥ ಸದ್ದಿನ ನಡುವೆ ಹಕ್ಕಿಯ ದನಿ ಕೇಳಿಸಲು ಹೇಗೆ ಸಾಧ್ಯ ಅನ್ನಿಸಬೇಕು. ಕೇಳಿಸುತ್ತದೆ. ನೀರಿನ ಮೊರೆತ ಹೆಚ್ಚಾಗಿ ಕೆಳ ಸ್ವರದಲ್ಲಿರುತ್ತದೆ, ಹೊಳೆ ಪಕ್ಕದ ಹಕ್ಕಿಗಳು ಅದಕ್ಕಿಂತ ಮೇಲಿನ ಸ್ವರ ಹಿಡಿದುಬಿಡುತ್ತವೆ. ಲಾರ್ಜ್ ಬಿಲ್ಡ್ ಲೀಫ್ ವಾರ್ಬ್ಲರ್ ಅನ್ನುವ ಉಲಿಯಕ್ಕಿ ಹಾಗೇ ಕೇಳಿಸಿತು: ಐದು ಸ್ವರ, ಒಂದೊಂದಾಗಿ ಕೆಳಗಿಳಿಯುವ ತೆಳುವಾದ ಶಿಳ್ಳೆ, ನೀರಿನ ಸದ್ದನ್ನು ಸೂಜಿಯಿಂದ ಚುಚ್ಚಿದ ಹಾಗೆ. ಕಾಣಲಿಲ್ಲ ಮೊದಲು. ಆಚೆ ದಡದ ನೆರಳಲ್ಲಿ ಎಲ್ಲೋ ಇತ್ತು.

ಘಟ್ಟದ ಕಾಡಿನಲ್ಲಿ ಈ ಉಲಿಯಕ್ಕಿಗಳನ್ನು ಗುರುತಿಸುವುದು ಎಂಥ ತಲೆನೋವು ಅಂತ ನೋಡಿದವರಿಗೇ ಗೊತ್ತು. ಎಲ್ಲವೂ ಹಸಿರು ಮಿಶ್ರಿತ ಕಂದು, ಎಲ್ಲದಕ್ಕೂ ಕಣ್ಣಿನ ಮೇಲೆ ಒಂದು ತೆಳು ಹುಬ್ಬು, ಯಾವುದೂ ಎರಡು ಸೆಕೆಂಡ್ ಒಂದೆಡೆ ಕೂರುವುದಿಲ್ಲ. ಗ್ರೀನಿಶ್ ವಾರ್ಬ್ಲರ್ ತೂಕ ಎಂಟು-ಹತ್ತು ಗ್ರಾಂ. ನಮ್ಮ ಕಾಡುಗಳಲ್ಲಿ ಚಳಿಗಾಲದುದ್ದಕ್ಕೂ "ಚಿಸ್ವೀಟ್, ಚಿಸ್ವೀಟ್" ಅಂತ ತನ್ನ ಪಾಲಿನ ಮರಗಳಿಗೆ ಕಾವಲಿರುತ್ತದೆ. ಇಲ್ಲಿ ಇವುಗಳ ಜಾಗ ಬೇರೆ ಬೇರೆ. ಹೊಳೆಯ ಅಂಚು ಲಾರ್ಜ್ ಬಿಲ್ಡ್‌ಗೆ. ನಡುವಿನ ಎತ್ತರದ ಓಕ್, ಮೇಪಲ್ ಕಾಡು ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್‌ಗೆ. ಮೇಲಿನ ಫರ್, ಬರ್ಚ್ ಮರಗಳ ಕಡೆ ಹೋದರೆ ಗ್ರೀನಿಶ್ ಮತ್ತು ಹ್ಯೂಮ್ಸ್. ಮರಗಳೇ ಮುಗಿದು ಕುರುಚಲು ಶುರುವಾಗುವಲ್ಲಿ ಟಿಕೆಲ್ಸ್ ಲೀಫ್ ವಾರ್ಬ್ಲರ್. ನಮ್ಮಲ್ಲಿ ಒಂದೇ ಮರದಲ್ಲಿ ಹಿಂದೆ ಮುಂದೆ ಹಾರಾಡುವ ಹಕ್ಕಿಗಳು ಇಲ್ಲಿ ಒಂದರಿಂದ ಒಂದು ಅರ್ಧ ದಿನದ ಏರಿನಷ್ಟು ದೂರ. ಇದನ್ನು ಓದಿದ್ದೆ, ಆದರೆ ಓದುವಾಗ ಕಾಲು ನೋಯುವುದಿಲ್ಲವಲ್ಲ.

ರೋಲಾದಿಂದ ಶಿಲ್ಟ್ ಅನ್ನುವ ಜಾಗಕ್ಕೆ ಸಾವಿರ ಮೀಟರ್ ಏರು. ಸೀದಾ ಮೇಲಕ್ಕೆ. ಟ್ರೆಕ್ಕಿಂಗ್ ಪಕ್ಷದವರು ಇಲ್ಲಿ ನಮ್ಮ ಮೇಲೆ ಸೇಡು ತೀರಿಸಿಕೊಂಡರು, ನಾವು ಏದುಸಿರು ಬಿಡುತ್ತಾ ನಿಂತಾಗಲೆಲ್ಲ ಮೇಲಿಂದ "ಯಾವ ಹಕ್ಕಿ ಈಗ?" ಅಂತ ಕೂಗುವುದು. ಆ ದಾರಿಯಲ್ಲಿ ಉಸಿರಾಡಲು ನಿಂತ ಒಂದು ತಿರುವಿನಲ್ಲೇ ನನಗೆ ಆ ಇಡೀ ಪ್ರವಾಸದಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಸಿಕ್ಕಿತು. ಗುಡ್ಡ ಕಡಿದ ಮಣ್ಣಿನ ಗೋಡೆ, ಅದರಿಂದ ಹೊರಗೆ ಇಳಿಬಿದ್ದ ಓಕ್ ಬೇರುಗಳು. ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್ ಒಂದು, ಕೊಕ್ಕಿನ ಎರಡೂ ಕಡೆ ಪಾಚಿ ಮೀಸೆಯ ಹಾಗೆ ಇಳಿಬಿಟ್ಟುಕೊಂಡು, ನಮ್ಮಿಂದ ಮೂರು ಮಾರು ದೂರದ ಕೊಂಬೆಯಲ್ಲಿ ಕೂತಿತ್ತು. ನೆತ್ತಿಯ ನಡುವಿನ ಮಾಸಲು ಗೆರೆ ಬರಿಗಣ್ಣಿಗೇ ಕಂಡಿತು. ಅದಕ್ಕೆ ನಾವು ಅಲ್ಲಿಂದ ತೊಲಗಬೇಕಿತ್ತು. ರೆಕ್ಕೆ ಅದಿರಿಸುತ್ತಾ ಆ ಕಡೆ ಈ ಕಡೆ ಹಾರಿತು, ಪಾಚಿ ಮಾತ್ರ ಬಿಡಲಿಲ್ಲ. ಗೈಡ್ ಭಾಯಿ ನಮ್ಮ ತೋಳು ಹಿಡಿದು ನಾಲ್ಕು ಹೆಜ್ಜೆ ಹಿಂದಕ್ಕೆ ಎಳೆದ. ಕೂಡಲೇ ಅದು ಬೇರುಗಳ ನಡುವಿನ ಒಂದು ಸಣ್ಣ ಪೊಟರೆಯೊಳಗೆ ನುಗ್ಗಿತು, ಒಳಗೆ ಏನೋ ಗುದ್ದಾಡಿದ ಹಾಗೆ ಎಲೆ ಅಲ್ಲಾಡಿತು, ಖಾಲಿ ಕೊಕ್ಕಿನಲ್ಲಿ ಹೊರಬಂದು ಹಾರಿಹೋಯಿತು. ಚಳಿಗಾಲದಲ್ಲಿ ಇದೇ ಜಾತಿಯ ಹಕ್ಕಿಗಾಗಿ ಕತ್ತು ನೋಯುವಷ್ಟು ಹೊತ್ತು ಮರದ ನೆತ್ತಿ ನೋಡಿದ್ದಕ್ಕೆ ಲೆಕ್ಕವಿಲ್ಲ. ಗೂಡು ನೋಡಿದರೆ ನಮ್ಮ ಸೊಂಟದ ಎತ್ತರದಲ್ಲಿ!

ಫೋಟೋ ತೆಗೆಯಲಿಲ್ಲ. ಗೂಡಿನ ಹತ್ತಿರ ನಿಂತು ಫೋಟೋ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ.

ಕ್ಯಾಂಪಿಂಗ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೇ ತಿಂಗಳಾದರೂ ಮೇಲೆ ಚಳಿ ಚಳಿಯೇ. ಸಾವಿರ ಮೀಟರ್ ಹತ್ತಿದರೆ ಆರು ಡಿಗ್ರಿಯಷ್ಟು ಕಡಿಮೆ ಅಂತ ಲೆಕ್ಕ ಹಾಕಿಕೊಂಡು ಬಟ್ಟೆ ತನ್ನಿ. ಬೆಳಗ್ಗೆ ಟೆಂಟಿನ ಒಳಗೋಡೆಯಿಂದ ನಮ್ಮದೇ ಉಸಿರು ನೀರಾಗಿ ಮುಖದ ಮೇಲೆ ತೊಟ್ಟಿಕ್ಕುತ್ತದೆ, ಮಳೆ ಬಂತು ಅಂತ ಗಾಬರಿಯಾಗುವುದು ಬೇಡ, ಜಿಪ್ ಸ್ವಲ್ಪ ತೆರೆದಿಟ್ಟು ಮಲಗಿದರೆ ಕಡಿಮೆಯಾಗುತ್ತದೆ. ಕ್ಯಾಮೆರಾ ಬ್ಯಾಟರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಬೈನಾಕ್ಯುಲರ್ ಮಾತ್ರ ಹೊರಗಿನ ಚಳಿಯಲ್ಲೇ ಇರಲಿ, ಬೆಚ್ಚಗಿನ ಕಡೆಯಿಂದ ತೆಗೆದರೆ ಬೇಕಾದ ಹೊತ್ತಿಗೆ ಬೈನಾಕ್ಯುಲರ್ ತುಂಬ ಮಂಜು. ಇನ್ನು ನಿದ್ದೆ ಹಗುರ ಇರುವವರಿಗೆ: ರೋಲಾದಲ್ಲಿ ರಾತ್ರಿಯಿಡೀ ಮೌಂಟನ್ ಸ್ಕಾಪ್ಸ್ ಔಲ್ ಅನ್ನುವ ಗೂಬೆ "ಪೂ-ಪೂ" ಅಂತ ಎರಡೆರಡು ಸ್ವರ ಊದುತ್ತಲೇ ಇರುತ್ತದೆ. ನಮ್ಮಲ್ಲಿ ಒಬ್ಬರು ಅದನ್ನು ಯಾರದೋ ಮೊಬೈಲ್ ಅಂತ ಬೈದುಕೊಂಡು ಎದ್ದರು.

ಸರಿ, ದೊಡ್ಡ ಹಕ್ಕಿಗಳ ವಿಷಯಕ್ಕೆ ಬರೋಣ, ಇಲ್ಲದಿದ್ದರೆ ಓದುವವರು ಬಿಡುವುದಿಲ್ಲ. ಶಿಲ್ಟ್‌ನಲ್ಲಿ ಬೆಳಕು ಹರಿಯುವ ಮೊದಲೇ ಕೋಕ್ಲಾಸ್ ಫೆಸೆಂಟ್ ಅನ್ನುವ ಕಾಡುಕೋಳಿ ಶುರು ಮಾಡಿತು. ಒಂದು ಏಣಿನಿಂದ ಒಂದು ಕೂಗು, ಎದುರಿನ ಏಣಿನಿಂದ ಉತ್ತರ, ಆಮೇಲೆ ಕಣಿವೆಯ ತುಂಬ "ಕೊಕ್ ಕೊಕ್ ಕೊಕ್ರಾಸ್". ಬೆಳಕಾದ ಮೇಲೆ ಹುಲ್ಲುಗಾವಲಿನ ಅಂಚಿನಲ್ಲಿ ಮೊನಾಲ್ ಗಂಡು ಕೊಕ್ಕಿನಿಂದ ನೆಲ ಅಗೆಯುತ್ತಾ ಗೆಡ್ಡೆ ಹುಡುಕುತ್ತಿತ್ತು, ಫೋಟೋದಲ್ಲಿ ನೋಡಿದ ಬಣ್ಣಗಳೆಲ್ಲ ನಿಜ, ಬೆನ್ನಿನ ಮೇಲೆ ಬಿಸಿಲು ಬಿದ್ದಾಗ ಹಸಿರು, ತಿರುಗಿದರೆ ನೇರಳೆ, ಕತ್ತು ತಾಮ್ರ. ನಮ್ಮನ್ನು ಕಂಡದ್ದೇ ಶಿಳ್ಳೆ ಹಾಕುತ್ತಾ ಕಣಿವೆಗೆ ಧುಮುಕಿತು. ಚೆಂದವೇ. ಇಲ್ಲ ಅನ್ನಲಾರೆ. ಒಂದು ಕಾಲಕ್ಕೆ ಆ ಜುಟ್ಟಿನ ಗರಿಯನ್ನು ಇಲ್ಲಿನವರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ, ಅದಕ್ಕಾಗಿಯೇ ಬೇಟೆಯೂ ನಡೆಯುತ್ತಿತ್ತು.

ಟ್ರ್ಯಾಗೋಪಾನ್ ಕಾಣಲಿಲ್ಲ. ಇಲ್ಲಿಯವರು ಅದನ್ನು ಜುಜುರಾನಾ ಅನ್ನುತ್ತಾರೆ. ದೇವರು ಎಲ್ಲಾ ಹಕ್ಕಿಗಳಿಂದ ಒಂದೊಂದು ಗರಿ ತೆಗೆದುಕೊಂಡು ಇದನ್ನು ಮಾಡಿದ ಅಂತ ಕಥೆ. 2007ರಿಂದ ಹಿಮಾಚಲದ ರಾಜ್ಯ ಪಕ್ಷಿ ಇದು, ಅದಕ್ಕೆ ಮೊದಲು ಆ ಪಟ್ಟ ಮೊನಾಲ್‌ಗಿತ್ತು. ಫೆಸೆಂಟ್ ಜಾತಿಯದ್ದಾದರೂ ಹೆಚ್ಚಾಗಿ ನೆಲದಲ್ಲಿ ಗೂಡು ಕಟ್ಟದೆ ಮರ ಹತ್ತುತ್ತದೆ. ದಟ್ಟ ಪೊದೆ, ರಿಂಗಾಲ್ ಬಿದಿರು ಇರುವಲ್ಲಿ ಓಡಾಡುತ್ತದೆ, ಕಣ್ಣಿಗೆ ಬೀಳುವುದೇ ಅಪರೂಪ. ಎದುರಿನ ಇಳಿಜಾರಿನಿಂದ ಮೂಗಿನಲ್ಲಿ ಅಳುವಂಥ ಒಂದು "ವಾಂ" ಕೇಳಿಸಿತು, ತಪ್ಪಿಸಿಕೊಂಡ ಆಡಿನ ಮರಿಯೇ ಇರಬೇಕು ಅನ್ನಿಸಿತು. ಗೈಡ್ ಭಾಯಿ ಬೆರಳೆತ್ತಿ ಸುಮ್ಮನಿರಿ ಅಂದ. ಇನ್ನೆರಡು ಸಲ ಕೇಳಿಸಿ ನಿಂತುಹೋಯಿತು.

ಅಲ್ಲೇ ಇನ್ನೊಂದು ಗುಂಪು ಇತ್ತು. ಅವರ ಹತ್ತಿರ ಬ್ಲೂಟೂತ್ ಸ್ಪೀಕರ್. ಮೊಬೈಲಿನಲ್ಲಿದ್ದ ಟ್ರ್ಯಾಗೋಪಾನ್ ಕೂಗನ್ನು ಜೋರಾಗಿ ಹಾಕಿದರು. ಒಂದು ಸಲ, ಎರಡು ಸಲ, ಆಮೇಲೆ ಬಿಟ್ಟು ಬಿಟ್ಟು ಹಾಕುತ್ತಲೇ ಇದ್ದರು. ಹಾಡು ಯಾಕೆ ಬೇಕು ಅಂತ ಮೇಲೆ ಹೇಳಿದೆನಲ್ಲ, ಅದನ್ನೇ ಇಟ್ಟುಕೊಂಡು ಯೋಚಿಸಿ. ಮರಿ ಮಾಡುವ ಕಾಲದಲ್ಲಿ ತನ್ನ ಜಾಗದಲ್ಲಿ ಇನ್ನೊಂದು ಗಂಡಿನ ದನಿ ಕೇಳಿದರೆ ಹಕ್ಕಿ ಮೇಯುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ, ಇಲ್ಲವೇ ಹೆದರಿ ಜಾಗ ಬಿಡುತ್ತದೆ. ಅಡಗಿರಬೇಕಾದದ್ದು ಬಯಲಿಗೆ ಬಂದರೆ ಹಳದಿ ಕತ್ತಿನ ಮಾರ್ಟನ್ ಅನ್ನುವ ಬೇಟೆಗಾರ ಪ್ರಾಣಿಗೆ ಹಬ್ಬ. ನಮ್ಮ ಗುಂಪಿನಲ್ಲೇ ಒಬ್ಬ, "ಒಂದು ಸಲ ಹಾಕಿದರೆ ಏನಾಗುತ್ತೆ ಬಿಡೋ" ಅಂದ. ಅವನು ಒಂದು ಸಲ ಹಾಕುತ್ತಾನೆ, ನಾಳೆ ಬರುವವನೂ ಒಂದು ಸಲ ಹಾಕುತ್ತಾನೆ. ಹಕ್ಕಿಗೆ ಅದು ಸೀಸನ್ ಪೂರ್ತಿ. ಜಗತ್ತಿನಲ್ಲೇ ಕೆಲವೇ ಸಾವಿರ ಉಳಿದಿರುವ ಹಕ್ಕಿಗೆ ಇದನ್ನು ಮಾಡುವುದು ನನ್ನ ಪ್ರಕಾರ ಕಲ್ಲು ಹೊಡೆದು ಎಬ್ಬಿಸುವುದಕ್ಕಿಂತ ಬೇರೆಯಲ್ಲ. ಗೈಡ್ ಭಾಯಿ ಹೋಗಿ ಅವರ ಗೈಡ್ ಜೊತೆ ಏನೋ ಮಾತಾಡಿದ. ಸ್ಪೀಕರ್ ನಿಂತಿತು, ಮುಖಗಳು ಊದಿಕೊಂಡವು.

ಇಳಿಯುವಾಗ ಅವನನ್ನು ಮಾತಿಗೆಳೆದೆ. ನಾವೆಲ್ಲ ಮೇಲೆ ನೋಡುತ್ತಾ ನಡೆದರೆ ಅವನ ಕಣ್ಣು ನೆಲದ ಮೇಲೆ. ಗುಚ್ಚಿ ಅಣಬೆ ಹುಡುಕುವ ಅಭ್ಯಾಸ ಅದು. ಹಿಮ ಕರಗಿದ ಮೇಲೆ ಏಳುವ ಈ ಅಣಬೆಗೆ ಪೇಟೆಯಲ್ಲಿ ಭಾರೀ ಬೆಲೆ, ವಸಂತ ಬಂತೆಂದರೆ ಇಲ್ಲಿನ ಮನೆಗಳವರೆಲ್ಲ ಕಾಡಿಗೆ ನುಗ್ಗುತ್ತಿದ್ದರು. ಔಷಧಿ ಬೇರು, ಕುರಿ ಮೇವು, ಎಲ್ಲಕ್ಕೂ ಇದೇ ಕಾಡು. 1999ರಲ್ಲಿ ಪಾರ್ಕ್ ಆದಾಗ ಒಳಗೆ ಮೇಯಿಸುವ, ಆರಿಸುವ ಹಕ್ಕು ಮುಗಿಯಿತು. ಪರಿಹಾರ ಸಿಕ್ಕಿದವರಿದ್ದಾರೆ, ಸಿಗದವರಿದ್ದಾರೆ, ಸಿಕ್ಕಿದ್ದು ಸಾಲದು ಅನ್ನುವವರೂ ಇದ್ದಾರೆ. ಈಗ ಅದೇ ಮನೆಗಳ ಗಂಡಸರು ನಮ್ಮಂಥವರ ಟೆಂಟು ಹೊರುತ್ತಾರೆ. ಕುದುರೆಮುಖದ ಸುತ್ತ ಇಂಥದೇ ಮಾತು ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. "ನಿಮ್ಮಪ್ಪ ಏನಂತಾರೆ?" ಅಂತ ಕೇಳಿದೆ. ಅಪ್ಪ ಈಗಲೂ ಪಾರ್ಕಿನ ಹೆಸರೆತ್ತಿದರೆ ಬೈಯುತ್ತಾರಂತೆ. ಮಗನಿಗೆ ಹಕ್ಕಿಗಳ ಇಂಗ್ಲಿಷ್ ಹೆಸರು ನನಗಿಂತ ಚೆನ್ನಾಗಿ ಗೊತ್ತು. ಕಾಡು ಉಳಿದದ್ದಕ್ಕೆ ಖುಷಿಪಡುವಾಗ ಆ ಅಪ್ಪನ ಸಿಟ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನಿಸುತ್ತದೆ. ಆ ಸಿಟ್ಟು ಸುಳ್ಳಲ್ಲ, ಉಳಿದ ಕಾಡೂ ಸುಳ್ಳಲ್ಲ. ಅದಕ್ಕಿಂತ ಮುಂದೆ ನನ್ನ ಯೋಚನೆ ಹೋಗಿಲ್ಲ.

ಹಿಂತಿರುಗಿ ಬಂದು ರೋಲಾದಲ್ಲಿ ಮತ್ತೆ ಉಳಿದಾಗ ಬ್ರೌನ್ ಡಿಪ್ಪರ್ ಒಂದು ಸಿಕ್ಕಿತು. ಕಾಫಿಪುಡಿ ಬಣ್ಣದ, ಮೊಂಡು ಬಾಲದ ಹಕ್ಕಿ. ಆ ಸೆಳವಿನ ನೀರಿಗೆ ನಡೆದುಕೊಂಡೇ ಇಳಿಯಿತು, ಪೂರ್ತಿ ಮುಳುಗಿತು, ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಕಲ್ಲಿನ ಪಕ್ಕ ಕೊಕ್ಕಿನ ತುಂಬ ಹುಳ ಕಚ್ಚಿಕೊಂಡು ಎದ್ದಿತು. ಕಣ್ಣು ಮಿಟುಕಿಸಿದರೆ ರೆಪ್ಪೆ ಬೆಳ್ಳಗೆ ಹೊಳೆಯುತ್ತದೆ. ಇದು ನಮ್ಮ ಕಡೆಗೆ ಬರುವ ಹಕ್ಕಿಯಲ್ಲ, ಚಳಿ ಜಾಸ್ತಿಯಾದರೆ ಇದೇ ಹೊಳೆಯಲ್ಲಿ ಸ್ವಲ್ಪ ಕೆಳಗೆ ಇಳಿಯುತ್ತದೆ, ಅಷ್ಟೇ. ಟ್ರೆಕ್ಕಿಂಗ್ ಪಕ್ಷದವರೂ ಅದರ ಮುಂದೆ ಕೂತುಬಿಟ್ಟರು, ವಾಚ್ ನೋಡಲಿಲ್ಲ. ಈ ತೀರ್ಥನ್ ಮೇಲೆ ಜಲವಿದ್ಯುತ್ ಯೋಜನೆಗಳು ಬರುವುದರಲ್ಲಿದ್ದವು, ಕಣಿವೆಯ ಜನ ಬೇಡ ಅಂತ ಪಟ್ಟು ಹಿಡಿದರು. ಬಂದಿದ್ದರೆ ನೀರು ಕೊಳವೆಗೆ ಹೋಗಿ ಹೊಳೆಯಲ್ಲಿ ಕಲ್ಲುಗಳಷ್ಟೇ ಉಳಿಯುತ್ತಿದ್ದವು, ಡಿಪ್ಪರ್ ಎಲ್ಲಿ ಮುಳುಗಬೇಕು?

ಈಗ ಮುಂದಿನ ಸಲದ ಮಾತು ಶುರುವಾಗಿದೆ. ಟ್ರೆಕ್ಕಿಂಗ್ ಪಕ್ಷಕ್ಕೆ ತೀರ್ಥನ್ ಹುಟ್ಟುವ ತೀರ್ಥ್ ತನಕ ಹೋಗಬೇಕು. ನಾನು ರೋಲಾದಲ್ಲೇ ಟೆಂಟ್ ಹಾಕಿಕೊಂಡು ಉಳಿಯುತ್ತೇನೆ ಅಂದಿದ್ದೇನೆ, ಬೇಕಿದ್ದರೆ ಬೆಳಗ್ಗೆ ಹೋಗಿ ಸಂಜೆ ಇಳಿಯುವಷ್ಟು ಏರು ಹತ್ತುತ್ತೇನೆ. ಆ ಐದು ಸ್ವರದ ಉಲಿಯಕ್ಕಿ ಇನ್ನೂ ಸರಿಯಾಗಿ ಕಂಡಿಲ್ಲ. ಸಿಪಿಲೆ ಹಾಡುವುದನ್ನೂ ಕೇಳಿಲ್ಲ, ಗೆಳೆಯನ ಪ್ರಶ್ನೆ ಹಾಗೇ ಇದೆ. ಅವನು ಯಾವ ಪಕ್ಷ ಅಂತ ಇನ್ನೂ ಹೇಳಿಲ್ಲ, ಆದರೆ ಮೊನ್ನೆ ಫೋನ್ ಮಾಡಿ, ಮೇ ಮೊದಲ ವಾರ ಒಳ್ಳೆಯದೋ ಕೊನೆಯ ವಾರವೋ ಅಂತ ಕೇಳಿದ. ಹಾಡು ಬೇಕಿದ್ದರೆ ಮೊದಲ ವಾರ, ಗೂಡು ಬೇಕಿದ್ದರೆ ಕೊನೆಯ ವಾರ ಅಂದೆ. ಎರಡೂ ಬೇಕು ಅಂದ. ಹಾಗಾದರೆ ರಜೆ ಜಾಸ್ತಿ ಹಾಕು ಅಂತ ಹೇಳಿ ಫೋನ್ ಇಟ್ಟೆ.